1929ರ ಅಮೆರಿಕ: ಷೇರುಪೇಟೆ ಬಿದ್ದರೆ ಇಡೀ ದೇಶ ಯಾಕೆ ಬೀದಿಗೆ ಬರಬೇಕಿತ್ತು?

ಹಳೇಲೆಕ್ಕ

ಮಾರ್ಕೆಟ್ ಎರಡು ದಿನ ಇಳಿದರೆ ಸಾಕು, ವಾಟ್ಸಾಪ್‌ನಲ್ಲಿ 1929ರ ಫೋಟೋ ಓಡಾಡುತ್ತದೆ. ವಾಲ್ ಸ್ಟ್ರೀಟ್ ತುಂಬಾ ಟೋಪಿ ಹಾಕಿದ ಗಂಡಸರು. ಕೆಳಗೆ "ಒಂದೇ ದಿನದಲ್ಲಿ ಎಲ್ಲಾ ಹೋಯ್ತು" ಅಂತ ಬರಹ. ನನಗೆ ಈ ಕಥೆಯ ಮೇಲೆ ತಕರಾರಿದೆ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಆಗ ಅಮೆರಿಕದ ಜನಸಂಖ್ಯೆ ಸುಮಾರು 12 ಕೋಟಿ. ಷೇರು ದಲ್ಲಾಳಿಗಳ ಹತ್ತಿರ ಖಾತೆ ಇದ್ದವರು ಸುಮಾರು 15 ಲಕ್ಷ. ಅವರಲ್ಲಿ ಸಾಲ ಮಾಡಿ ಷೇರು ಆಡುತ್ತಿದ್ದವರು ಸುಮಾರು 6 ಲಕ್ಷ. ದೇಶದ ಉಳಿದ ಜನರಲ್ಲಿ ಬಹುಪಾಲು ದಲ್ಲಾಳಿಯ ಬಾಗಿಲನ್ನೂ ನೋಡಿದವರಲ್ಲ. ಹಾಗಿದ್ದ ಮೇಲೆ, 1929ರಲ್ಲಿ ನೂರಕ್ಕೆ ಮೂರೋ ಚಿಲ್ಲರೆಯೋ ಇದ್ದ ನಿರುದ್ಯೋಗ 1933ಕ್ಕೆ ನೂರಕ್ಕೆ 25ರ ಹತ್ತಿರ ಹೋಗಿದ್ದು ಹೇಗೆ?

ನನ್ನ ಉತ್ತರ ಇಷ್ಟು. 1920ರ ದಶಕದ ಆ ಏಳಿಗೆ ಅರ್ಧ ದೇಶಕ್ಕೆ ಬರಲೇ ಇಲ್ಲ. ಬಂದ ಕಡೆ ಕಂತಿನ ಮೇಲೆ ಬಂತು. ಷೇರುಪೇಟೆ ಏಟು ಕೊಟ್ಟಿತು, ಸರಿ. ಆದರೆ ದೇಶ ಮಲಗಿದ್ದು ಬ್ಯಾಂಕುಗಳು ಬಿದ್ದಾಗ.

ಮೊದಲು ಏಳಿಗೆಯ ಮಾತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ ಬಂದಾಗ 850 ಡಾಲರ್. ಇಪ್ಪತ್ತರ ದಶಕದ ಮಧ್ಯಕ್ಕೆ 300 ಡಾಲರಿಗಿಂತ ಕಡಿಮೆ. 1920ರಲ್ಲಿ ದೇಶದಲ್ಲಿ ಸುಮಾರು 80 ಲಕ್ಷ ಕಾರುಗಳಿದ್ದವು, 1929ಕ್ಕೆ ಸುಮಾರು 2.3 ಕೋಟಿ. ಕಾರಿನ ಹಿಂದೆ ಉಕ್ಕು, ಗಾಜು, ರಬ್ಬರು, ಪೆಟ್ರೋಲ್ ಬಂಕು, ಟಾರು ರಸ್ತೆ ಎಲ್ಲವೂ ಬೆಳೆದವು. 1920ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಚುನಾವಣೆ ಫಲಿತಾಂಶವನ್ನು ರೇಡಿಯೋದಲ್ಲಿ ಹೇಳಿತು. ಹತ್ತು ವರ್ಷದೊಳಗೆ ಪೇಟೆಯ ಮನೆಗಳಲ್ಲಿ ರೇಡಿಯೋ ಮಾಮೂಲಿ ಆಯಿತು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂದರೆ, ಸಾಲದಿಂದ. ಇದರಲ್ಲಿ ಒಂದು ಮಜಾ ಇದೆ. ಹೆನ್ರಿ ಫೋರ್ಡ್‌ಗೆ ಸಾಲ ಅಂದರೆ ಆಗುತ್ತಿರಲಿಲ್ಲ. 1923ರಲ್ಲಿ ಅವನ ಕಂಪನಿ ಒಂದು ಯೋಜನೆ ತಂದಿತು: ವಾರಕ್ಕೆ 5 ಡಾಲರ್ ಕಟ್ಟುತ್ತಾ ಹೋಗಿ, ಪೂರ್ತಿ ಹಣ ಸೇರಿದ ಮೇಲೆ ಕಾರು. ಜನ ಅಷ್ಟು ದಿನ ಕಾಯಲಿಲ್ಲ. ಜನರಲ್ ಮೋಟರ್ಸ್ 1919ರಲ್ಲೇ ಸಾಲ ಕೊಡೋದಕ್ಕೆ ಬೇರೆ ಕಂಪನಿಯನ್ನೇ ತೆರೆದಿತ್ತು. ಈಗ ಕಾರು ತಗೊಂಡು ಹೋಗಿ, ಕಂತು ಆಮೇಲೆ ಕಟ್ಟಿ ಅಂದಿತು. ದಶಕದ ಮಧ್ಯಕ್ಕೆ ಮಾರಾಟವಾದ ನಾಲ್ಕು ಕಾರುಗಳಲ್ಲಿ ಮೂರು ಕಂತಿನವು. ಪಿಯಾನೋ, ಬಟ್ಟೆ ಒಗೆಯೋ ಮೆಷಿನ್, ರೇಡಿಯೋ ಎಲ್ಲಾ ಅದೇ ದಾರಿ ಹಿಡಿದವು.

ಒಪ್ಪದವರು ಬನ್ನಿ, ಜಗಳ ಆಡೋಣ.

ಸುಮ್ನೆ_ಓದುಗ

ಷೇರು ಬಿದ್ದಾಗ ದಲ್ಲಾಳಿಗಳು ಕಿಟಕಿಯಿಂದ ಹಾರಿ ಸತ್ತರು ಅಂತಾರಲ್ಲ, ನಿಜಾನಾ ಸಾರ್? ಸಾಲ ಮಾಡಿ ಷೇರು ಅಂದರೆ ಈಗಿನ ಮಾರ್ಜಿನ್ ಥರಾನೇ ಅಲ್ವಾ?

ಹಳೇಲೆಕ್ಕ

ಹಾರಿದ ಕಥೆ ಬಹುಪಾಲು ಕಟ್ಟಿದ್ದು. ಆ ಅಕ್ಟೋಬರ್, ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆತ್ಮಹತ್ಯೆಗಳ ಲೆಕ್ಕ ಅದೇ ವರ್ಷದ ಬೇಸಿಗೆಗಿಂತ ಕಡಿಮೆಯೇ ಇತ್ತು. ಹಾಸ್ಯಗಾರರು ಜೋಕು ಮಾಡಿದರು, ಜೋಕು ಇತಿಹಾಸ ಆಯಿತು.

ಮಾರ್ಜಿನ್ ಹೌದು. 100 ಡಾಲರಿನ ಷೇರಿಗೆ ನೀವು 25 ಹಾಕಿ, 75 ದಲ್ಲಾಳಿ ಸಾಲ ಕೊಟ್ಟ ಅಂದುಕೊಳ್ಳಿ. ಷೇರು 150 ಆದರೆ ನಿಮ್ಮ 25 ಹೋಗಿ 75 ಆಗುತ್ತದೆ, ಮೂರು ಪಟ್ಟು. ಷೇರು 75ಕ್ಕೆ ಇಳಿದರೆ ನಿಮ್ಮದು ಸೊನ್ನೆ. ಅಲ್ಲಿಗೆ ಮುಟ್ಟೋ ಮೊದಲೇ ದಲ್ಲಾಳಿ "ಇನ್ನಷ್ಟು ದುಡ್ಡು ತಾ" ಅನ್ನುತ್ತಾನೆ, ತರದಿದ್ದರೆ ನಿಮ್ಮ ಷೇರನ್ನು ಸಿಕ್ಕಿದ ಬೆಲೆಗೆ ಮಾರುತ್ತಾನೆ, ಹಾಗೆ ಮಾರಿದ್ದಕ್ಕೇ ಬೆಲೆ ಇನ್ನೂ ಇಳಿದು ಪಕ್ಕದವನಿಗೂ ಅದೇ ಕರೆ ಹೋಗುತ್ತದೆ. 1929ರ ಶರತ್ಕಾಲದ ಹೊತ್ತಿಗೆ ದಲ್ಲಾಳಿಗಳ ಈ ಸಾಲ ಸುಮಾರು 850 ಕೋಟಿ ಡಾಲರ್ ಇತ್ತು. ರೇಡಿಯೋ ಕಂಪನಿ ಆರ್‌ಸಿಎ ಒಂದು ಡಿವಿಡೆಂಡನ್ನೂ ಕೊಟ್ಟಿರಲಿಲ್ಲ, ಆದರೂ ಅದರ ಷೇರು 1928 ಒಂದೇ ವರ್ಷದಲ್ಲಿ 85ರಿಂದ 420ಕ್ಕೆ ಹೋಯಿತು.

ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸೋ ಡೌ ಜೋನ್ಸ್ ಸೂಚ್ಯಂಕ ಸೆಪ್ಟೆಂಬರ್ 3ರಂದು 381. ಅಕ್ಟೋಬರ್ 24ರ ಗುರುವಾರ ವಹಿವಾಟು ಎಷ್ಟಿತ್ತು ಅಂದರೆ ಬೆಲೆ ತೋರಿಸೋ ಟಿಕರ್ ಯಂತ್ರ ಸಂಜೆ 7 ದಾಟಿದರೂ ಓಡುತ್ತಲೇ ಇತ್ತು. ಪೇಟೆ ಮುಚ್ಚಿದ್ದು 3 ಗಂಟೆಗೆ! ನಾಲ್ಕು ಗಂಟೆ ಕಾಲ ಜನರಿಗೆ ತಾವು ಉಳಿದೆವೋ ಮುಳುಗಿದೆವೋ ಗೊತ್ತಿಲ್ಲ. 28ರ ಸೋಮವಾರ ಶೇ. 13, 29ರ ಮಂಗಳವಾರ ಮತ್ತೆ ಶೇ. 12 ಬಿತ್ತು.

ಎಲ್ಲರೂ ಬಿಟ್ಟುಬಿಡೋ ವಿಷಯ ಏನು ಗೊತ್ತಾ? 1930ರ ಏಪ್ರಿಲ್ ಹೊತ್ತಿಗೆ ಅದೇ ಸೂಚ್ಯಂಕ 294ಕ್ಕೆ ವಾಪಸ್ ಬಂದಿತ್ತು. ಆಗ ಪತ್ರಿಕೆ ಓದುತ್ತಿದ್ದವರಿಗೆ ಕೆಟ್ಟದ್ದೆಲ್ಲ ಮುಗಿಯಿತು ಅನ್ನಿಸಿದ್ದರೆ ತಪ್ಪಿಲ್ಲ. ತಳ ಮುಟ್ಟಿದ್ದು 1932ರ ಜುಲೈನಲ್ಲಿ, 41ಕ್ಕೆ. 381ರ ಮಟ್ಟ ಮತ್ತೆ ನೋಡಲು 1954ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಬಯಲುಸೀಮೆ

ಅರ್ಧ ದೇಶಕ್ಕೆ ಏಳಿಗೆ ಬರಲೇ ಇಲ್ಲ ಅಂದಿರಲ್ಲ, ಅದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮದು ರೈತರ ಮನೆ, ಅದಕ್ಕೇ ಈ ಭಾಗವನ್ನು ಜಾಸ್ತಿ ಓದಿದ್ದೇನೆ.

ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಹೊಲಗಳು ಹಾಳುಬಿದ್ದವು. ಅಮೆರಿಕದ ಗೋಧಿಗೆ ಬುಷೆಲ್‌ಗೆ (ಅಲ್ಲಿನ ಧಾನ್ಯದ ಅಳತೆ, ಗೋಧಿಯಾದರೆ ಸುಮಾರು 27 ಕಿಲೋ) 2 ಡಾಲರ್ ಮೇಲೆ ಬೆಲೆ. ಇನ್ನೂ ಬೆಳೆಯಿರಿ ಅಂತ ಸರ್ಕಾರವೇ ಹುರಿದುಂಬಿಸಿತು. ರೈತರು ಅಡಮಾನ ಇಟ್ಟು ಪಕ್ಕದ ಜಮೀನು ಕೊಂಡರು, ಟ್ರ್ಯಾಕ್ಟರ್ ಕೊಂಡರು. ಯುದ್ಧ ಮುಗಿಯಿತು, ಯೂರೋಪಿನವರು ಮತ್ತೆ ಉತ್ತರು. 1921ಕ್ಕೆ ಬೆಲೆ ಅರ್ಧ. ಸಾಲ ಮಾತ್ರ ಹಾಗೇ.

ಅಂದರೆ ಪೇಟೆಯಲ್ಲಿ ಜಾಝ್ ಕುಣಿತ ನಡೆಯುತ್ತಿದ್ದ ಇಡೀ ದಶಕ ಹಳ್ಳಿಗೆ ಕುಸಿತದ ದಶಕವೇ. ಸರ್ಕಾರ ಹೆಚ್ಚುವರಿ ಬೆಳೆ ಕೊಂಡು ಬೆಲೆ ಎತ್ತಬೇಕು ಅನ್ನೋ ಮಸೂದೆಯನ್ನು ಸಂಸತ್ತು ಎರಡು ಸಲ ಪಾಸು ಮಾಡಿತು. ಅಧ್ಯಕ್ಷ ಕೂಲಿಡ್ಜ್ 1927ರಲ್ಲೊಮ್ಮೆ, 1928ರಲ್ಲೊಮ್ಮೆ ತಡೆದರು. ಪೇಟೆಯಲ್ಲಿ ಫ್ರಿಜ್ಜು, ರೇಡಿಯೋ ಅಂತೀರಲ್ಲ, 1930ರಲ್ಲಿ ಹತ್ತು ತೋಟದ ಮನೆಗಳಲ್ಲಿ ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ಹೆಂಗಸರು ಸೀಮೆಎಣ್ಣೆ ದೀಪದಲ್ಲಿ ಅಡುಗೆ ಮಾಡಿ, ಬಾವಿಯಿಂದ ನೀರು ಸೇದುತ್ತಿದ್ದರು.

ಆಮೇಲೆ 1932. ಗೋಧಿ ಬುಷೆಲ್‌ಗೆ 40 ಸೆಂಟ್‌ಗಿಂತ ಕಡಿಮೆ. ಮೆಕ್ಕೆಜೋಳ ಎಷ್ಟು ಅಗ್ಗ ಅಂದರೆ ಅಯೋವಾ, ನೆಬ್ರಾಸ್ಕಾ ಕಡೆ ಕಲ್ಲಿದ್ದಲು ಕೊಳ್ಳೋ ಬದಲು ಜೋಳವನ್ನೇ ಒಲೆಗೆ ಹಾಕಿದರು. ಅದೇ ಹೊತ್ತಿಗೆ ನಗರಗಳಲ್ಲಿ ಜನ ಬ್ರೆಡ್ಡಿಗೆ ಸಾಲು ನಿಂತಿದ್ದಾರೆ.

ಒಂದು ಲೆಕ್ಕ ನೋಡಿ. ಒಬ್ಬ ರೈತನ ಅಡಮಾನ 2,000 ಡಾಲರ್ ಅಂದುಕೊಳ್ಳಿ. ಗೋಧಿ 1 ಡಾಲರ್ ಇದ್ದಾಗ ಸಾಲ ತೀರಿಸಲು 2,000 ಬುಷೆಲ್ ಸಾಕು. 40 ಸೆಂಟ್ ಆದಾಗ 5,000 ಬುಷೆಲ್ ಬೇಕು. ಹೊಸದಾಗಿ ಒಂದು ಪೈಸೆ ಸಾಲ ಮಾಡಿಲ್ಲ, ಆದರೂ ಸಾಲ ಎರಡೂವರೆ ಪಟ್ಟು.

ಹರಾಜಿನ ವಿಷಯ ಕೇಳಿದ್ದೀರಾ? ಬ್ಯಾಂಕಿನವರು ರೈತನ ದನ, ಸಲಕರಣೆ ಹರಾಜಿಗೆ ಇಡುತ್ತಿದ್ದರು. ಅಂಗಳದ ತುಂಬ ಸುತ್ತಲಿನ ರೈತರೇ. ಕುದುರೆಗೆ ಒಬ್ಬ ಹತ್ತು ಸೆಂಟ್ ಅಂತ ಕೂಗುತ್ತಾನೆ. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಹೊರಗಿನವನು ಯಾರಾದರೂ ಜಾಸ್ತಿ ಕೂಗಲು ಹೊರಟರೆ ಪಕ್ಕದಲ್ಲಿದ್ದ ಗಟ್ಟಿ ಆಳು ಭುಜದ ಮೇಲೆ ಕೈ ಇಡುತ್ತಾನೆ. ಕೆಲವು ಕಡೆ ಕೊಟ್ಟಿಗೆ ಬಾಗಿಲಿಗೆ ನೇಣಿನ ಹಗ್ಗ ತೂಗುಹಾಕಿರುತ್ತಿದ್ದರು, ಮಾತಿನ ಅಗತ್ಯವೇ ಇಲ್ಲ. ಇಡೀ ಸಾಮಾನು ಎರಡು ಮೂರು ಡಾಲರಿಗೆ ಹೋಗುತ್ತದೆ. ಕೊಂಡವರು ಅದನ್ನು ಹಾಗೇ ಮಾಲೀಕನಿಗೆ ವಾಪಸ್ ಕೊಟ್ಟು ಮನೆಗೆ ಹೋಗುತ್ತಾರೆ. 1933ರ ಆರಂಭದಲ್ಲಿ ಇಂಥವು ಎಷ್ಟು ನಡೆದವು ಅಂದರೆ ಹಲವು ರಾಜ್ಯಗಳು ಜಪ್ತಿಗೇ ತಡೆ ಹಾಕೋ ಕಾನೂನು ಮಾಡಿದವು. ಮಿನೆಸೋಟದ ಅಂಥ ಕಾನೂನನ್ನು 1934ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಾಫಿಪುಡಿ

ಅಬ್ಬಾ. ಇದನ್ನು ಯಾವ ಪಾಠದಲ್ಲೂ ಓದಿರಲಿಲ್ಲ. ಹರಾಜಿನ ಭಾಗ ಎರಡು ಸಲ ಓದಿದೆ.

ಮಿಷಿಗನ್_ಕನ್ನಡಿಗ

ನಾನಿರೋದು ಡೆಟ್ರಾಯಿಟ್ ಹತ್ತಿರ. ಇಲ್ಲಿ ಈ ಕಥೆ ಇನ್ನೂ ಹಳೇದಾಗಿಲ್ಲ. ಹೈಲ್ಯಾಂಡ್ ಪಾರ್ಕ್‌ನಲ್ಲಿ 1913ರಲ್ಲಿ ಓಡುವ ಜೋಡಣಾ ಸಾಲು ಶುರುವಾದ ಫೋರ್ಡ್ ಕಾರ್ಖಾನೆಯ ಕಟ್ಟಡಗಳು ಈಗಲೂ ನಿಂತಿವೆ.

ಷೇರುಪೇಟೆ ಬಿದ್ದ ಮೇಲೆ ಆಗಿನ ಅಧ್ಯಕ್ಷ ಹೂವರ್ ದೊಡ್ಡ ಉದ್ಯಮಿಗಳನ್ನು ವಾಷಿಂಗ್ಟನ್‌ಗೆ ಕರೆಸಿ, ಕೂಲಿ ಇಳಿಸಬೇಡಿ ಅಂತ ಕೇಳಿಕೊಂಡರು. ಫೋರ್ಡ್ ಒಂದು ಹೆಜ್ಜೆ ಮುಂದೆ ಹೋಗಿ ದಿನದ ಕನಿಷ್ಠ ಕೂಲಿಯನ್ನು 7 ಡಾಲರಿಗೆ ಏರಿಸಿದ. ಪತ್ರಿಕೆಗಳಲ್ಲಿ ಭಾರೀ ಹೊಗಳಿಕೆ. ಆದರೆ ಕಾರು ಕೊಳ್ಳೋರೇ ಇಲ್ಲದಿದ್ದರೆ ಕೂಲಿ ಏರಿಸಿ ಏನು ಬಂತು? ದೇಶದಲ್ಲಿ 1929ರಲ್ಲಿ ತಯಾರಾದ ಕಾರುಗಳು ಸುಮಾರು 44 ಲಕ್ಷ, 1932ರಲ್ಲಿ ಸುಮಾರು 11 ಲಕ್ಷ. ನಾಲ್ಕರಲ್ಲಿ ಒಂದು ಪಾಲು. ಫೋರ್ಡ್‌ನಲ್ಲಿ 1929ರ ವಸಂತದಲ್ಲಿ 1,28,000 ಜನ ಕೆಲಸಕ್ಕಿದ್ದರು, 1931ರ ಆಗಸ್ಟ್‌ಗೆ ಸುಮಾರು 37,000. 7 ಡಾಲರ್ ಕೂಲಿಯೂ 1932ಕ್ಕೆ 4ಕ್ಕೆ ಬಂತು.

1932ರ ಮಾರ್ಚ್ 7ರಂದು ಕೆಲಸ ಕಳೆದುಕೊಂಡವರು ಡಿಯರ್‌ಬಾರ್ನ್‌ನಲ್ಲಿದ್ದ ಫೋರ್ಡ್‌ನ ರೂಜ್ ಕಾರ್ಖಾನೆಗೆ ಮೆರವಣಿಗೆ ಹೋದರು. ಕೊರೆಯೋ ಚಳಿ. ಪೊಲೀಸರು, ಕಂಪನಿಯ ಕಾವಲಿನವರು ಮೊದಲು ಅಶ್ರುವಾಯು, ನೀರು ಹಾರಿಸಿದರು, ಆಮೇಲೆ ಗುಂಡು. ನಾಲ್ವರು ಅಲ್ಲೇ ಸತ್ತರು, ಆಮೇಲೆ ಇನ್ನೊಬ್ಬರು. ಅವರ ಶವಯಾತ್ರೆಗೆ ಹತ್ತಾರು ಸಾವಿರ ಜನ ಸೇರಿದರು.

ಕಂತಿನ ಬಗ್ಗೆ ಹಳೇಲೆಕ್ಕ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಆಗಿನ ಕರಾರು ಬಹಳ ಕ್ರೂರ. 400 ಡಾಲರಿನ ಕಾರಿಗೆ 350 ಕಟ್ಟಿದ್ದೀರಿ, ಒಂದು ಕಂತು ತಪ್ಪಿತು ಅಂದರೆ ಕಾರು ಎತ್ತಿಕೊಂಡು ಹೋಗಬಹುದು, ನೀವು ಕಟ್ಟಿದ ದುಡ್ಡೂ ಹೋಯಿತು. ಹಾಗಾಗಿ 1930ರಲ್ಲಿ ಭಯ ಬಿದ್ದ ಸಂಸಾರಗಳು ಏನು ಮಾಡಿದವು? ಕಂತು ತಪ್ಪಿಸಲಿಲ್ಲ. ಉಳಿದ ಎಲ್ಲಾ ಖರ್ಚು ನಿಲ್ಲಿಸಿದವು. ಹೊಸ ಬೂಟು ಬೇಡ, ಕೋಟು ಬೇಡ, ಮಾಂಸ ವಾರಕ್ಕೊಮ್ಮೆ. ಕೋಟಿ ಮನೆಗಳು ಒಟ್ಟಿಗೆ ಹೀಗೆ ಮಾಡಿದರೆ ಬೂಟು ಅಂಗಡಿಯವನು, ಕೋಟು ಹೊಲಿಯೋನು, ಕಟುಕ ಎಲ್ಲರೂ ಕೂರಬೇಕು. ಷೇರು ಮುಟ್ಟದೇ ಇದ್ದವನ ಮನೆಗೆ ಏಟು ಬಂದಿದ್ದು ಈ ದಾರಿಯಲ್ಲಿ.

ಪಾಸ್‌ಬುಕ್

ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಾನು. ಬ್ಯಾಂಕಿನ ಭಾಗ ನನಗೆ ಬಿಡಿ.

ಆಗಿನ ಅಮೆರಿಕದಲ್ಲಿ ಬ್ಯಾಂಕುಗಳು ಎಷ್ಟಿದ್ದವು ಗೊತ್ತಾ? ಸುಮಾರು 25,000. ಯಾಕೆ ಅಷ್ಟು ಅಂದರೆ ಬಹಳ ರಾಜ್ಯಗಳಲ್ಲಿ ಬ್ಯಾಂಕು ಶಾಖೆ ತೆರೆಯೋ ಹಾಗೇ ಇರಲಿಲ್ಲ. ಒಂದು ಊರು, ಒಂದು ಬ್ಯಾಂಕು. ಊರಿನ ಬೆಳೆ ಕೆಟ್ಟರೆ ಬ್ಯಾಂಕೂ ಕೆಟ್ಟಿತು. 1920ರ ದಶಕದಲ್ಲೇ ವರ್ಷಕ್ಕೆ ಸರಾಸರಿ 600 ಬ್ಯಾಂಕು ಮುಚ್ಚುತ್ತಿದ್ದವು, ಹೆಚ್ಚಿನವು ಬಯಲುಸೀಮೆ ಅವರು ಹೇಳಿದ ಆ ಹಳ್ಳಿಗಳವು. ನ್ಯೂಯಾರ್ಕ್‌ನವರು ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದ ಕೆನಡಾದಲ್ಲಿ ಹತ್ತೇ ದೊಡ್ಡ ಬ್ಯಾಂಕುಗಳು, ದೇಶವಿಡೀ ಶಾಖೆ. ಅಲ್ಲೂ ಕುಸಿತ ಜೋರಾಗೇ ಇತ್ತು, ಆದರೆ 1930ರ ದಶಕದಲ್ಲಿ ಒಂದು ಬ್ಯಾಂಕೂ ಬೀಳಲಿಲ್ಲ.

1930ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಕಾಲ್ಡ್‌ವೆಲ್ ಅನ್ನೋ ಹಣಕಾಸು ಕಂಪನಿ ಬಿದ್ದು ದಕ್ಷಿಣದ ನೂರಕ್ಕೂ ಹೆಚ್ಚು ಬ್ಯಾಂಕುಗಳನ್ನು ಎಳೆದುಕೊಂಡು ಹೋಯಿತು. ಡಿಸೆಂಬರ್‌ನಲ್ಲಿ ಸರದಿ ನ್ಯೂಯಾರ್ಕಿನದು. ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್ ಅಂತ ಹೆಸರು, ಆದರೆ ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಪಕ್ಕಾ ಖಾಸಗಿ. 4 ಲಕ್ಷಕ್ಕೂ ಜಾಸ್ತಿ ಖಾತೆದಾರರು. ಬಹಳಷ್ಟು ಜನ ಯಹೂದಿ ವಲಸಿಗರು, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯೋರು, ಸಣ್ಣ ಅಂಗಡಿಯವರು.

ಡಿಸೆಂಬರ್ 10. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ಶಾಖೆಗೆ ಸಣ್ಣ ವ್ಯಾಪಾರಿಯೊಬ್ಬ ಬಂದ. ಅವನ ಹತ್ತಿರ ಆ ಬ್ಯಾಂಕಿನದೇ ಷೇರುಗಳಿದ್ದವು, ಮಾರಿಕೊಡಿ ಅಂದ. ಈಗ ಮಾರಬೇಡಿ, ಒಳ್ಳೇ ಷೇರು ಅಂತ ಬ್ಯಾಂಕಿನವರು ಬುದ್ಧಿ ಹೇಳಿದರು. ಅವನು ಆಚೆ ಬಂದು, ಬ್ಯಾಂಕು ದುಡ್ಡು ಕೊಡೋಕೆ ಒಪ್ಪುತ್ತಿಲ್ಲ ಅಂತ ಸುದ್ದಿ ಹಬ್ಬಿಸಿದ. ಮಧ್ಯಾಹ್ನಕ್ಕೆ ಬೀದಿ ತುಂಬ ಜನ. ಕುದುರೆ ಪೊಲೀಸರು ಬಂದರು. ಒಬ್ಬ ಎರಡು ಗಂಟೆ ಸಾಲಲ್ಲಿ ನಿಂತು ತನ್ನ ಖಾತೆಯಲ್ಲಿದ್ದ 2 ಡಾಲರ್ ಬಿಡಿಸಿಕೊಂಡು ಹೋದನಂತೆ. ಕೌಂಟರ್‌ನಲ್ಲಿ ಕೂತು ಕೆಲಸ ಮಾಡಿದ ನನಗೆ ಆ ಮನುಷ್ಯನ ಮುಖ ಊಹಿಸೋಕೆ ಕಷ್ಟವೇ ಇಲ್ಲ. ಮಾರನೇ ದಿನ ಬ್ಯಾಂಕು ಬಾಗಿಲು ತೆಗೆಯಲಿಲ್ಲ.

ಅದು ಪೂರ್ತಿ ಗಾಳಿಸುದ್ದಿ ಅಂತಲೂ ಹೇಳೋ ಹಾಗಿಲ್ಲ. ಬ್ಯಾಂಕಿನ ಒಡೆಯರು ನಿವೇಶನ, ಕಟ್ಟಡಗಳ ಮೇಲೆ ಜಾಸ್ತಿ ಸಾಲ ಹಂಚಿದ್ದರು, ತಮ್ಮದೇ ಷೇರಿನ ಬೆಲೆ ಎತ್ತಿ ಹಿಡಿಯಲು ಆಟ ಆಡಿದ್ದರು. ಇಬ್ಬರು ಜೈಲಿಗೆ ಹೋದರು. ಆದರೂ ನ್ಯೂಯಾರ್ಕಿನ ದೊಡ್ಡ ಬ್ಯಾಂಕುಗಳು ಮನಸ್ಸು ಮಾಡಿದ್ದರೆ ಉಳಿಸಬಹುದಿತ್ತು. ಮಾತುಕತೆ ನಡೆದು ಮುರಿದುಬಿತ್ತು.

ಇಲ್ಲಿಂದ ಮುಂದೆ ಕೇಳಿ. ಬ್ಯಾಂಕು ನಮ್ಮ ಠೇವಣಿಯನ್ನು ಪೆಟ್ಟಿಗೆಯಲ್ಲಿ ಇಟ್ಟು ಕಾಯುವುದಿಲ್ಲ, ಸಾಲ ಕೊಟ್ಟಿರುತ್ತದೆ. ಒಂದು ಬ್ಯಾಂಕು ಬಿದ್ದರೆ ಪಕ್ಕದ ಬ್ಯಾಂಕಿನವನು ಹೆದರಿ ಹೊಸ ಸಾಲ ನಿಲ್ಲಿಸುತ್ತಾನೆ, ಹಳೇ ಸಾಲ ವಾಪಸ್ ಕೇಳುತ್ತಾನೆ. ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯವನಿಗೂ ಸರಕು ತರಿಸಲು ದುಡ್ಡಿಲ್ಲ. ಜನ ನೋಟನ್ನು ಹಾಸಿಗೆ ಕೆಳಗೆ ಇಟ್ಟರು. 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಹೋದವು. ದೇಶದಲ್ಲಿ ಓಡಾಡುತ್ತಿದ್ದ ಹಣ, ಠೇವಣಿ ಸೇರಿಸಿ, ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಫೆಡರಲ್ ರಿಸರ್ವ್ ಅನ್ನೋ ಕೇಂದ್ರ ಬ್ಯಾಂಕು ಇದ್ದಿದ್ದೇ ಇಂಥ ಹೊತ್ತಿಗೆ. ಅದು ಕೈ ಕಟ್ಟಿ ಕೂತಿತು.

ವಾದಿ_ಪ್ರತಿವಾದಿ

ಪಾಸ್‌ಬುಕ್ ಸಾರ್, ಬ್ಯಾಂಕಿನ ಮೇಲೇ ಎಲ್ಲಾ ಹಾಕಿದರೆ ಹೇಗೆ? 1930ರ ಜೂನ್‌ನಲ್ಲಿ ಸ್ಮೂಟ್-ಹಾಲಿ ಸುಂಕದ ಕಾನೂನು ತಂದು ಹೊರದೇಶದ ಸರಕಿಗೆ ಬಾಗಿಲು ಹಾಕಿದರು. ಸಾವಿರಕ್ಕೂ ಜಾಸ್ತಿ ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಬೇಡ ಅಂದಿದ್ದರು, ಹೂವರ್ ಕೇಳಲಿಲ್ಲ. ಆ ಮನುಷ್ಯ ಏನೂ ಮಾಡದೇ ಕೂತಿದ್ದಕ್ಕೇ ಅಲ್ವಾ ಗುಡಿಸಲು ಕೇರಿಗಳಿಗೆ ಹೂವರ್‌ವಿಲ್ ಅಂತ ಹೆಸರು ಬಂದಿದ್ದು?

ಹಳೇಲೆಕ್ಕ

ಸುಂಕ ಕೆಟ್ಟ ಕೆಲಸವೇ. ಬೇರೆ ದೇಶಗಳೂ ತಿರುಗಿಸಿ ಸುಂಕ ಹಾಕಿದವು, ರಫ್ತು ನಂಬಿದ್ದ ರೈತನಿಗೆ ಮತ್ತೊಂದು ಪೆಟ್ಟು. ಆದರೆ ಆಗ ಅಮೆರಿಕದ ಒಟ್ಟು ಉತ್ಪಾದನೆಯಲ್ಲಿ ರಫ್ತು ಇದ್ದಿದ್ದು ನೂರಕ್ಕೆ ಐದರಷ್ಟು. ಅದೊಂದರಿಂದ ಇಡೀ ದೇಶ ಮಲಗುವುದಿಲ್ಲ.

ಚಿನ್ನದ ಕಥೆ ಅದಕ್ಕಿಂತ ದೊಡ್ಡದು. ಡಾಲರ್ ಚಿನ್ನಕ್ಕೆ ಕಟ್ಟಿತ್ತು, ಔನ್ಸಿಗೆ 20.67 ಡಾಲರ್, ಕೇಳಿದರೆ ಆ ಬೆಲೆಗೆ ಚಿನ್ನ ಕೊಡಬೇಕು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಕಟ್ಟು ಬಿಟ್ಟಿತು. ಮುಂದಿನ ಸರದಿ ಅಮೆರಿಕದ್ದೇ ಅಂತ ಹೊರಗಿನವರು ಡಾಲರ್ ಕೊಟ್ಟು ಚಿನ್ನ ಎತ್ತಲು ಶುರು ಮಾಡಿದರು. ಬಡ್ಡಿ ಜಾಸ್ತಿ ಸಿಕ್ಕರೆ ಡಾಲರನ್ನೇ ಇಟ್ಟುಕೊಳ್ಳಲಿ ಅಂತ ಫೆಡ್ (ಫೆಡರಲ್ ರಿಸರ್ವ್) ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ನೂರಕ್ಕೆ ಒಂದೂವರೆಯಿಂದ ಮೂರೂವರೆಗೆ ಏರಿಸಿತು. ಬ್ಯಾಂಕುಗಳು ಸಾಲುಸಾಲಾಗಿ ಬೀಳುತ್ತಿರುವಾಗ ಬಡ್ಡಿ ಏರಿಸೋದು! ಚಿನ್ನ ಉಳಿಯಿತು, ಬ್ಯಾಂಕುಗಳು ಹೋದವು.

ಹೂವರ್ ಏನೂ ಮಾಡಲಿಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ಯುದ್ಧಕಾಲದಲ್ಲಿ ಬೆಲ್ಜಿಯಂನ ಹಸಿದವರಿಗೆ ಊಟ ಮುಟ್ಟಿಸಿ ಹೆಸರು ಮಾಡಿದ ಇಂಜಿನಿಯರ್ ಅವರು. 1932ರಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡಲು ಸರ್ಕಾರಿ ನಿಗಮ ತೆರೆದರು. ಆದರೆ ದೊಡ್ಡವರಿಗೆ ಸಾಲ, ಹಸಿದವನಿಗೆ ದಾನಿಗಳ ಗಂಜಿ ಅನ್ನೋ ಹಾಗಾಯಿತು. ಬಜೆಟ್ ಸರಿದೂಗಿಸಬೇಕು ಅಂತ ಅದೇ ವರ್ಷ ತೆರಿಗೆ ಬೇರೆ ಏರಿಸಿದರು, ಅತಿ ಶ್ರೀಮಂತರ ಆದಾಯ ತೆರಿಗೆ ದರ ನೂರಕ್ಕೆ 25ರಿಂದ 63ಕ್ಕೆ.

ಹೆಸರು ಕೆಡಲು ಕಾರಣ 1932ರ ಜುಲೈ. ಮಹಾಯುದ್ಧದ ಮಾಜಿ ಸೈನಿಕರಿಗೆ 1945ರಲ್ಲಿ ಕೊಡ್ತೀವಿ ಅಂದ ಬೋನಸ್ಸನ್ನು ಈಗಲೇ ಕೊಡಿ ಅಂತ ಸುಮಾರು 20,000 ಜನ ವಾಷಿಂಗ್ಟನ್‌ನಲ್ಲಿ ಡೇರೆ ಹಾಕಿದ್ದರು, ಹೆಂಡತಿ ಮಕ್ಕಳ ಸಮೇತ. 28ರಂದು ಜನರಲ್ ಮ್ಯಾಕ್‌ಆರ್ಥರ್ ಅಶ್ವದಳ, ಟ್ಯಾಂಕು, ಅಶ್ರುವಾಯು ಹಿಡಿದು ಬಂದರು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಫೋಟೋ ನೋಡಿದ ಮೇಲೆ ಯಾರು ವೋಟು ಹಾಕುತ್ತಾರೆ?

ನೂಲಿನುಂಡೆ

ಎಲ್ಲರೂ ಬ್ಯಾಂಕು, ಚಿನ್ನ, ಸುಂಕ ಅಂತ ಬರೆಯುತ್ತಿದ್ದೀರಿ, ಮನೆಯೊಳಗೆ ಏನಾಯಿತು ಅಂತ ಯಾರೂ ಹೇಳಲಿಲ್ಲ.

ಗಂಡನಿಗೆ ಕೆಲಸ ಹೋಯಿತು. ಹೆಂಡತಿಗೆ ಟೀಚರ್ ಕೆಲಸವೋ ಟೈಪಿಸ್ಟ್ ಕೆಲಸವೋ ಇದ್ದರೆ ಅದಕ್ಕೂ ಕಣ್ಣು ಬಿತ್ತು, ಗಂಡಸರ ಕೆಲಸ ಕಸಿಯುತ್ತಿದ್ದಾರೆ ಅಂತ. 1932ರ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದು, ಸಿಬ್ಬಂದಿ ಕಡಿತ ಬಂದರೆ ಮೊದಲು ಇಬ್ಬರಲ್ಲಿ ಒಬ್ಬರು ಹೋಗಬೇಕು. ಹೋದವರು ಹೆಚ್ಚಾಗಿ ಹೆಂಗಸರೇ, ಹೇಳಬೇಕಾ? ಎಷ್ಟೋ ಊರಿನ ಶಾಲೆಗಳು ಮದುವೆಯಾದ ಟೀಚರ್‌ಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ಮದುವೆಗಳು ಮುಂದಕ್ಕೆ ಹೋದವು, ಹುಟ್ಟೋ ಮಕ್ಕಳು ಕಡಿಮೆಯಾದರು. ವಿಚ್ಛೇದನವೂ ಕಡಿಮೆಯಾಯಿತು. ಪ್ರೀತಿ ಜಾಸ್ತಿಯಾಗಿ ಅಲ್ಲ, ವಕೀಲನಿಗೆ ಕೊಡೋಕೆ, ಬೇರೆ ಮನೆ ಮಾಡೋಕೆ ದುಡ್ಡಿರಲಿಲ್ಲ. ಹೆಂಗಸರು ಹಿಟ್ಟಿನ ಚೀಲ ಬಿಚ್ಚಿ ಮಕ್ಕಳಿಗೆ ಲಂಗ, ಅಂಗಿ ಹೊಲಿದರು. ಇದು ಗೊತ್ತಾಗಿ ಗಿರಣಿಯವರು ಹೂವಿನ ಅಚ್ಚು ಹಾಕಿದ ಚೀಲದಲ್ಲಿ ಹಿಟ್ಟು ತುಂಬಿಸಿ ಮಾರಲು ಶುರು ಮಾಡಿದರು. ಒಂದು ಫ್ರಾಕಿಗೆ ಒಂದೇ ಚಿತ್ತಾರದ ಎರಡು ಮೂರು ಚೀಲ ಬೇಕಲ್ಲ, ಹಾಗಾಗಿ ಅಂಗಡಿಯಲ್ಲಿ ಚೀಲ ಹುಡುಕಿ ಹೊಂದಿಸಿಕೊಳ್ಳೋದೇ ಒಂದು ಕೆಲಸ.

ಸುಮಾರು ಎರಡೂವರೆ ಲಕ್ಷ ಹುಡುಗ ಹುಡುಗಿಯರು ಮನೆ ಬಿಟ್ಟು ಗೂಡ್ಸ್ ರೈಲು ಹತ್ತಿ ಊರೂರು ಅಲೆದರು. ಹೊದೆಯೋ ಪೇಪರಿಗೆ ಹೂವರ್ ಕಂಬಳಿ, ಖಾಲಿ ಜೇಬು ಹೊರಗೆ ಎಳೆದರೆ ಹೂವರ್ ಬಾವುಟ. ನ್ಯೂಯಾರ್ಕಿನ ಮೂಲೆ ಮೂಲೆಯಲ್ಲಿ ಕೋಟು ಟೈ ಹಾಕಿದ ಗಂಡಸರು 5 ಸೆಂಟ್‌ಗೆ ಒಂದು ಸೇಬು ಮಾರುತ್ತಿದ್ದರು.

ಕಪ್ಪು ಜನರ ಪಾಡು ಬೇರೆಯೇ. ಕೆಲಸಕ್ಕೆ ಕರೆಯೋದು ಕೊನೆಗೆ, ತೆಗೆಯೋದು ಮೊದಲು. ಕೆಲವು ನಗರಗಳಲ್ಲಿ ಅವರಲ್ಲಿ ಅರ್ಧದಷ್ಟು ಜನರಿಗೆ ಕೆಲಸ ಇರಲಿಲ್ಲ. ಹೂವರ್ ನಂತರ ಅಧ್ಯಕ್ಷರಾಗಿ ರೂಸ್‌ವೆಲ್ಟ್ ಬಂದ ಮೇಲೆ ಹತ್ತಿ ಬಿತ್ತನೆ ಕಡಿಮೆ ಮಾಡಿದರೆ ದುಡ್ಡು ಅಂತ ಯೋಜನೆ ಬಂತು. ದುಡ್ಡು ಜಮೀನ್ದಾರನಿಗೆ, ಪಾಲಿಗೆ ಮಾಡುತ್ತಿದ್ದ ಕುಟುಂಬಕ್ಕೆ ಗೇಟ್‌ಪಾಸ್. ಮೆಕ್ಸಿಕನ್ ಮೂಲದ ಲಕ್ಷಗಟ್ಟಲೆ ಜನರನ್ನು ರೈಲು ಹತ್ತಿಸಿ ಗಡಿ ದಾಟಿಸಿದರು. ಅವರಲ್ಲಿ ಬಹಳ ಜನ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು.

ಕಾಫಿಪುಡಿ

ಆಗ ಅಲ್ಲಿ ನಮ್ಮವರು ಯಾರಾದರೂ ಇದ್ದರಾ? ಇಲ್ಲಿಗೆ ಇದರ ಬಿಸಿ ತಟ್ಟಿತಾ?

ಮಿಷಿಗನ್_ಕನ್ನಡಿಗ

ಭಾರತೀಯರು ಇದ್ದರು, ಕೆಲವೇ ಸಾವಿರ. ಹೆಚ್ಚಿನವರು ಕ್ಯಾಲಿಫೋರ್ನಿಯಾದ ಪಂಜಾಬಿ ರೈತರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಮುಂದಿನ ವರ್ಷದ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲೇ ಹಾಕಿತು. ಏಳಿಗೆಯ ದಶಕ ಅಂತೀವಲ್ಲ, ಅದರ ನಡುಮಧ್ಯದಲ್ಲಿ ಆಗಿದ್ದು ಇದು.

ಬಯಲುಸೀಮೆ

ಬಿಸಿ ತಟ್ಟಿತು, ಚೆನ್ನಾಗೇ. ಇಲ್ಲೂ ಬೆಳೆಗಳ ಬೆಲೆ ಅರ್ಧದಷ್ಟು ಬಿತ್ತು, ಕಂದಾಯ ಮಾತ್ರ ಇಳಿಯಲಿಲ್ಲ. 1931ರಿಂದ ಭಾರತದ ಹಳ್ಳಿಗಳಿಂದ ಒಡವೆ ಚಿನ್ನ ಕರಗಿ ಹಡಗು ಹತ್ತಿ ಲಂಡನ್‌ಗೆ ಹೋಯಿತು, ಸಾಲ ಕಂದಾಯ ಕಟ್ಟಲು ಮಾರಿದ ಚಿನ್ನ ಅದು. ಕಾಫಿಪುಡಿ ಅವರೇ, ನಿಮ್ಮ ಕಾಫಿಗೂ ಬೆಲೆ ಬಿತ್ತು. 1935ರಲ್ಲಿ ಕಾಫಿ ಸೆಸ್ ಕಾನೂನು ಬಂದಿದ್ದು, ಕಾಫಿ ಕುಡಿಯಿರಿ ಅಂತ ಪ್ರಚಾರ ಶುರುವಾಗಿದ್ದು ಆ ಹಿನ್ನೆಲೆಯಲ್ಲೇ.

ಸುಮ್ನೆ_ಓದುಗ

ಹಾಗಾದರೆ ಬ್ಯಾಂಕು ಬೀಳೋದು ನಿಂತಿದ್ದು ಹೇಗೆ?

ಪಾಸ್‌ಬುಕ್

1933ರ ಫೆಬ್ರವರಿ 14ಕ್ಕೆ ಮಿಷಿಗನ್ ರಾಜ್ಯ ತನ್ನ ಎಲ್ಲಾ ಬ್ಯಾಂಕುಗಳನ್ನು ಮುಚ್ಚಿತು. ಅಲ್ಲಿಂದ ಒಂದೊಂದೇ ರಾಜ್ಯ. ಮಾರ್ಚ್ 4ರಂದು ರೂಸ್‌ವೆಲ್ಟ್ ಪ್ರಮಾಣವಚನ ತಗೊಂಡರು, 6ರಿಂದ ಇಡೀ ದೇಶದ ಬ್ಯಾಂಕುಗಳಿಗೆ ರಜೆ. ಆ ವಾರ ಜನರ ಕೈಯಲ್ಲಿ ನೋಟೇ ಇಲ್ಲ. ಅಂಗಡಿಯವರು ಚೀಟಿ ಬರೆದು ವ್ಯಾಪಾರ ಮಾಡಿದರು, ಕೆಲವು ಊರು ತಮ್ಮದೇ ಕಾಗದದ ಹಣ ಅಚ್ಚು ಹಾಕಿದವು.

12ರ ಭಾನುವಾರ ರಾತ್ರಿ ಅಧ್ಯಕ್ಷರು ರೇಡಿಯೋದಲ್ಲಿ ಮಾತಾಡಿದರು. ಬ್ಯಾಂಕಿನಲ್ಲಿಟ್ಟ ದುಡ್ಡು ಏನಾಗುತ್ತದೆ, ಯಾಕೆ ಮುಚ್ಚಿದೆವು, ಯಾವಾಗ ಯಾವುದು ತೆಗೆಯುತ್ತೇವೆ, ಅಷ್ಟೇ. ನಾವು ಹೊಸ ಗುಮಾಸ್ತರಿಗೆ ಪಾಠ ಹೇಳಿದ ಹಾಗೆ, ಬಹಳ ಸರಳವಾಗಿ. ಸೋಮವಾರ ಬಾಗಿಲು ತೆಗೆದಾಗ ಮತ್ತೆ ಸಾಲು. ಈ ಸಲ ದುಡ್ಡು ವಾಪಸ್ ಕಟ್ಟೋರ ಸಾಲು. ಕಂತಿನಲ್ಲಿ ಕೊಂಡ ಆ ರೇಡಿಯೋಗಳು ಕೊನೆಗೂ ಒಂದು ಕೆಲಸಕ್ಕೆ ಬಂದವು ನೋಡಿ.

ಆಮೇಲೆ ಠೇವಣಿ ವಿಮೆ. 1934ರ ಜನವರಿ 1ರಿಂದ ಒಬ್ಬೊಬ್ಬರಿಗೆ 2,500 ಡಾಲರ್‌ವರೆಗೆ ಖಾತರಿ. ರೂಸ್‌ವೆಲ್ಟ್‌ಗೇ ಇದು ಮೊದಲು ಇಷ್ಟವಿರಲಿಲ್ಲ, ಕೆಟ್ಟ ಬ್ಯಾಂಕಿನ ಹೊರೆ ಒಳ್ಳೇ ಬ್ಯಾಂಕು ಹೊರಬೇಕಾಗುತ್ತದೆ ಅಂತ. ಸಂಸತ್ತು ಬಿಡಲಿಲ್ಲ. 1933ರಲ್ಲಿ ಮುಚ್ಚಿದ ಬ್ಯಾಂಕುಗಳು ಸುಮಾರು 4,000. 1934ರಲ್ಲಿ ವಿಮೆ ಇದ್ದವುಗಳಲ್ಲಿ ಬಿದ್ದಿದ್ದು ಬರೀ 9. ನಮ್ಮಲ್ಲಿ ಇದು ಬಂದಿದ್ದು 1962ರಲ್ಲಿ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಚ್ಚಿ ಜನ ಗೋಳಾಡಿದ ಮೇಲೆ. ಈಗ 5 ಲಕ್ಷದವರೆಗೆ ಇದೆ, ನಿಮ್ಮ ಪಾಸ್‌ಬುಕ್ಕಿನಲ್ಲೂ ಬರೆದಿರುತ್ತದೆ, ಓದಿರಲ್ಲ ಅಷ್ಟೇ.

ವಾದಿ_ಪ್ರತಿವಾದಿ

ಬ್ಯಾಂಕು ಸರಿಯಾಯಿತು, ಕೆಲಸ ಸಿಗಲಿಲ್ಲವಲ್ಲ? ಯುದ್ಧ ಬಂದ ಮೇಲೇ ಎಲ್ಲಾ ಸರಿಹೋಗಿದ್ದು ಅಂತಾರೆ.

ಹಳೇಲೆಕ್ಕ

ನಿರುದ್ಯೋಗ ಪೂರ್ತಿ ಹೋಗಿದ್ದು ಯುದ್ಧದಲ್ಲೇ, ಅದನ್ನು ಯಾರೂ ಅಲ್ಲಗಳೆಯಲ್ಲ. ಆದರೆ 1933ರಿಂದ 1937ರವರೆಗೆ ಬೆಳವಣಿಗೆ ಜೋರಾಗೇ ಇತ್ತು. ಚಿನ್ನದ ಕಟ್ಟು ಸಡಿಲಿಸಿದರು, 1934ರಲ್ಲಿ ಔನ್ಸಿಗೆ 35 ಡಾಲರ್ ಮಾಡಿದರು, ಬೆಲೆಗಳು ಮೇಲೆದ್ದವು. 1935ರ ಡಬ್ಲ್ಯುಪಿಎ ಯೋಜನೆ ಅದು ನಡೆದಷ್ಟು ಕಾಲದಲ್ಲಿ ಒಟ್ಟು 85 ಲಕ್ಷ ಜನರಿಗೆ ರಸ್ತೆ, ಶಾಲೆ, ಸೇತುವೆ ಕೆಲಸ ಕೊಟ್ಟಿತು. ಹಳ್ಳಿಗೆ ಕರೆಂಟ್ ತರೋ ಇಲಾಖೆಯೂ ಅದೇ ವರ್ಷ. 1937ರಲ್ಲಿ ಇನ್ನೇನು ಸಾಕು ಅಂತ ಖರ್ಚು ಇಳಿಸಿದರು, ಫೆಡ್ ಬೇರೆ ಬಿಗಿ ಮಾಡಿತು, ಮತ್ತೆ ಬಿತ್ತು. ಮಾಡಿದ್ದು ತಪ್ಪು ಅಂತಲ್ಲ, ಸಾಲಲಿಲ್ಲ, ನಡುವೆ ನಿಲ್ಲಿಸಿದರು ಅಂತ ನನ್ನ ಲೆಕ್ಕ.

ಕಾಫಿಪುಡಿ

ಪಾಸ್‌ಬುಕ್ ಸಾರ್, ಒಂದೇ ಒಂದು ಪ್ರಶ್ನೆ. ಆ ಬ್ರಾಂಕ್ಸ್ ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದ 4 ಲಕ್ಷ ಜನರಿಗೆ ಏನಾದರೂ ಸಿಕ್ಕಿತಾ?

ಪಾಸ್‌ಬುಕ್

ಸಿಕ್ಕಿತಮ್ಮ. ಸಾಲ ವಸೂಲಿ ಮಾಡುತ್ತಾ, ಕಟ್ಟಡ ಮಾರುತ್ತಾ ಕಂತಿನಲ್ಲಿ ಕೊಟ್ಟರು. ಕೊನೆಗೆ ಡಾಲರಿಗೆ 80 ಸೆಂಟ್‌ಗಿಂತ ಸ್ವಲ್ಪ ಜಾಸ್ತಿಯೇ ಬಂತು. ಅಂದರೆ ಬ್ಯಾಂಕು ಅಷ್ಟೇನೂ ಪೊಳ್ಳಾಗಿರಲಿಲ್ಲ. ಆದರೆ ಪೂರ್ತಿ ತೀರೋ ಹೊತ್ತಿಗೆ ವರ್ಷಗಳೇ ಕಳೆದಿದ್ದವು. 1931ರ ಬಾಡಿಗೆ, 1932ರ ರೇಷನ್ ಅದರಿಂದ ಕಟ್ಟೋ ಹಾಗಿರಲಿಲ್ಲವಲ್ಲ.